ಅರ್ಜಿದಾರ ತೀರಿಕೊಂಡ ಮೇಲೆ ಅರ್ಜಿಯ ಗತಿ ಏನು?

ನಮಸ್ಕಾರ. ಅಮೆರಿಕದ ಮಾಜಿ ಸೈನಿಕರ ಮೇಲ್ಮನವಿ ಕಟ್ಟಿಕೊಂಡು ನಮಗೇನಾಗಬೇಕು ಅಂತ ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನ್ಯಾಯವೇ. ಆದರೆ ಅಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳಲ್ಲಿ ಸೇನೆ ಸೇರುವವರೂ ಇದ್ದಾರೆ. ಅದಕ್ಕಿಂತ ಮುಖ್ಯವಾಗಿ, ಸರ್ಕಾರದಿಂದ ಬರಬೇಕಾದ ಹಣ ಕೈಗೆ ಬರುವ ಮೊದಲೇ ಮನುಷ್ಯ ಹೋಗಿಬಿಟ್ಟರೆ ಆ ಹಣ ಯಾರದ್ದು ಅನ್ನೋ ಪ್ರಶ್ನೆ ಎಲ್ಲ ದೇಶದಲ್ಲೂ ಇದೆ. ಅಮೆರಿಕದ ಕಾನೂನು ಈ ಪ್ರಶ್ನೆಯ ಜೊತೆ ಎಷ್ಟು ವರ್ಷ ಒದ್ದಾಡಿದೆ ಅಂತ ನೋಡಿದರೆ ಪ್ರಶ್ನೆಯ ಆಳ ಗೊತ್ತಾಗುತ್ತದೆ.

ಮೊದಲು ಒಂದು ಕೇಸು ಹೇಳುತ್ತೇನೆ. ಪ್ಯಾಜೆಟ್ ಅಂತ ಎರಡನೇ ಮಹಾಯುದ್ಧದ ಸೈನಿಕರು. ಸೇವೆಯಲ್ಲಿದ್ದಾಗ ಎಡ ಮೊಣಕಾಲಿಗೆ ಪೆಟ್ಟಾಗಿತ್ತು. ಅದನ್ನು ಮಾಜಿ ಸೈನಿಕರ ಸೌಲಭ್ಯ ನೋಡಿಕೊಳ್ಳುವ ವೆಟರನ್ಸ್ ಅಫೇರ್ಸ್ ಇಲಾಖೆ ಒಪ್ಪಿತ್ತು. ವರ್ಷಗಳು ಕಳೆದ ಮೇಲೆ ಬಲ ಸೊಂಟದ ಕೀಲು ಹೋಯಿತು. ಎಡಗಾಲು ಸರಿ ಇಲ್ಲದೆ ಭಾರವೆಲ್ಲ ಬಲಗಡೆಗೆ ಹಾಕಿ ನಡೆದಿದ್ದಕ್ಕೇ ಹೀಗಾಯಿತು, ಇದಕ್ಕೂ ಪರಿಹಾರ ಕೊಡಿ ಅಂದರು. ಇಲಾಖೆ ಆಗಲ್ಲ ಅಂದಿತು. ಕೇಸು ಇಲಾಖೆಯ ಮೇಲ್ಮನವಿ ಮಂಡಳಿಗೆ ಹೋಯಿತು, ಅಲ್ಲಿಂದ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. 2005ರ ಏಪ್ರಿಲ್‌ನಲ್ಲಿ ಆ ನ್ಯಾಯಾಲಯದ ಪೂರ್ಣ ಪೀಠ ಮಂಡಳಿಯ ತೀರ್ಮಾನವನ್ನು ತಿರುಗಿಸಿ ಹಾಕಿತು. ಪ್ಯಾಜೆಟ್ ಗೆದ್ದರು.

ಆದರೆ ಅಷ್ಟೊತ್ತಿಗೆ ಅವರು ತೀರಿಕೊಂಡು ಐದು ತಿಂಗಳಾಗಿತ್ತು. 2004ರ ನವೆಂಬರ್‌ನಲ್ಲೇ ಹೋಗಿದ್ದರು. ನ್ಯಾಯಾಲಯಕ್ಕೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಏನು ಮಾಡಿತು ಅಂತೀರಿ? ತಾನೇ ಬರೆದ ತೀರ್ಪನ್ನು ವಾಪಸ್ ತೆಗೆದುಕೊಂಡು ಮೇಲ್ಮನವಿಯನ್ನು ವಜಾ ಮಾಡಿತು. ಅವರ ಸೊಂಟದ ಬಗ್ಗೆ ಹೇಳಿದ್ದು ತಪ್ಪು ಅಂತಲ್ಲ. ಸಾಕ್ಷ್ಯ ಅದೇ, ಕಾನೂನು ಅದೇ. ಅರ್ಜಿದಾರ ಮಾತ್ರ ಇಲ್ಲ, ಅಷ್ಟೇ.

ಹೆಂಡತಿ ಸುಮ್ನೆ ಕೂರಲಿಲ್ಲ. ಇನ್ನೂ ಮೇಲಿನ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯಕ್ಕೆ ಹೋದರು. 2007ರ ಜನವರಿಯಲ್ಲಿ ಆ ನ್ಯಾಯಾಲಯ ಅವರ ಮಾತು ಒಪ್ಪಿತು. ವಾದ ಪ್ರತಿವಾದ ಎಲ್ಲ ಮುಗಿದು ತೀರ್ಪಿಗಷ್ಟೇ ಕಾದಿದ್ದ ಕೇಸು ಇದು, ಹಾಗಾಗಿ ಗಂಡ ತೀರಿಕೊಂಡ ದಿನದಿಂದಲೇ ಜಾರಿಗೆ ಬರುವಂತೆ ಹೆಂಡತಿಯನ್ನು ಅವರ ಜಾಗದಲ್ಲಿ ನಿಲ್ಲಿಸಬಹುದು ಅಂದಿತು. ಗಮನಿಸಿ, ವಾದ ಮುಗಿದಿತ್ತು ಅನ್ನೋದರಿಂದ ಇಷ್ಟು ಸಿಕ್ಕಿತು. ಅರ್ಧದಲ್ಲಿ ಸತ್ತಿದ್ದರೆ ಈ ದಾರಿಯೂ ಇರುತ್ತಿರಲಿಲ್ಲ.

ನ್ಯಾಯಾಲಯ ಹೀಗೇಕೆ ನಡೆದುಕೊಂಡಿತು? ಅದರ ಹಿಂದೆ 1994ರ ಒಂದು ತೀರ್ಪಿದೆ, ಲ್ಯಾಂಡಿಚೊ ವಿರುದ್ಧ ಬ್ರೌನ್. ಬ್ರೌನ್ ಅಂದರೆ ಆಗಿನ ವೆಟರನ್ಸ್ ಅಫೇರ್ಸ್ ಇಲಾಖೆಯ ಕಾರ್ಯದರ್ಶಿ. ಆ ಇಲಾಖೆಯನ್ನು ಅಲ್ಲಿನ ಜನ ವಿಎ ಅಂತಾರೆ, ನಾನೂ ಹಾಗೇ ಹೇಳುತ್ತೇನೆ. ಲ್ಯಾಂಡಿಚೊ ತೀರ್ಪು ಹೇಳಿದ್ದು ಇಷ್ಟು: ಅಂಗವೈಕಲ್ಯ ಪರಿಹಾರದ ಕ್ಲೇಮು ಸೈನಿಕನ ಜೀವಕ್ಕೆ ಅಂಟಿಕೊಂಡಿದ್ದು, ಜೀವ ಹೋದರೆ ಅದೂ ಹೋಯಿತು. ಮನೆಯವರಿಗೆ ಬೇಕಿದ್ದರೆ ಬಾಕಿ ಹಣಕ್ಕೆ ಅಂತ ಹೊಸದಾಗಿ ಅರ್ಜಿ ಹಾಕಿಕೊಳ್ಳಲಿ, ಮೊದಲ ಮೆಟ್ಟಿಲಿನಿಂದ.

ಆ ಹೊಸ ಅರ್ಜಿಯನ್ನು ಅಕ್ರೂಡ್ ಬೆನಿಫಿಟ್ಸ್ ಅರ್ಜಿ ಅಂತಾರೆ. ಕೇಳೋಕೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಅದರಲ್ಲಿ ಎರಡು ಹಿಡಿತ ಇತ್ತು. ಸೈನಿಕ ಸತ್ತ ದಿನ ಫೈಲಿನಲ್ಲಿ ಏನಿತ್ತೋ ಅಷ್ಟನ್ನೇ ನೋಡುತ್ತಾರೆ. ಮಾರನೇ ದಿನ ಡಾಕ್ಟರು ಒಳ್ಳೆ ಪತ್ರ ಬರೆದುಕೊಟ್ಟರೂ ಲೆಕ್ಕಕ್ಕಿಲ್ಲ. ಇನ್ನೊಂದು, ಹಣಕ್ಕೆ ಮಿತಿ. ಹತ್ತು ವರ್ಷದ ಬಾಕಿ ಇದ್ದರೂ ಸಾವಿನ ಹಿಂದಿನ ಒಂದು ವರ್ಷದ್ದು ಮಾತ್ರ ಕೊಡುತ್ತಿದ್ದರು. 1996ರಲ್ಲಿ ಅದನ್ನು ಎರಡು ವರ್ಷ ಮಾಡಿದರು. 2003ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಆ ಮಿತಿಯನ್ನೇ ತೆಗೆದು ಹಾಕಿತು. ಅಂದರೆ ಅಲ್ಲಿಯವರೆಗೆ ಇಲಾಖೆ ತಡ ಮಾಡಿದಷ್ಟೂ ಇಲಾಖೆಗೇ ಉಳಿತಾಯ! ಬೇಕಂತಲೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ "ತಡ ಮಾಡು, ಇಲ್ಲ ಅನ್ನು, ಸಾಯೋವರೆಗೆ ಕಾಯಿ" ಅನ್ನೋ ಮಾತು ಅಮೆರಿಕದ ಮಾಜಿ ಸೈನಿಕರ ಬಾಯಲ್ಲಿ ಗಾದೆಯ ಹಾಗೆ ಓಡಾಡುತ್ತದೆ. ಸುಮ್ಮಸುಮ್ಮನೆ ಹುಟ್ಟಿದ ಮಾತಲ್ಲ ಅದು.

2008ರ ಅಕ್ಟೋಬರ್ 10ರಂದು ದೊಡ್ಡ ಬದಲಾವಣೆ ಬಂತು. ಆ ದಿನ ಅಥವಾ ಆಮೇಲೆ ತೀರಿಕೊಂಡ ಸೈನಿಕರ ಮನೆಯವರು ಅದೇ ಕ್ಲೇಮಿನಲ್ಲಿ, ಅದೇ ಮೇಲ್ಮನವಿಯಲ್ಲಿ ಅವರ ಜಾಗಕ್ಕೆ ಬಂದು ನಿಲ್ಲಬಹುದು ಅಂತ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿತು. ಸಬ್‌ಸ್ಟಿಟ್ಯೂಷನ್ ಅಂತಾರೆ ಇದಕ್ಕೆ. ಈ ಕಾನೂನಿಗೆ ವಿವರವಾದ ನಿಯಮ ಹೊರಡಿಸೋಕೆ ವಿಎ 2014ರವರೆಗೆ ತೆಗೆದುಕೊಂಡಿತು. ತಡದ ಬಗ್ಗೆ ಬಂದ ಕಾನೂನಿಗೇ ಆರು ವರ್ಷ ತಡ.

ಈಗ ಏನಾಗುತ್ತದೆ ಅಂತ ಹೇಳುತ್ತೇನೆ. ಕೇಸು ವಾಷಿಂಗ್ಟನ್‌ನ ಮೇಲ್ಮನವಿ ಮಂಡಳಿಯಲ್ಲಿದೆ, ಸೈನಿಕರು ತೀರಿಕೊಂಡರು ಅಂದುಕೊಳ್ಳಿ. ಸುದ್ದಿ ತಲುಪಿದ ಮೇಲೆ ಮಂಡಳಿಯಿಂದ ಒಂದು ಕಾಗದ ಬರುತ್ತದೆ, ಮೇಲ್ಮನವಿ ವಜಾ ಆಗಿದೆ ಅಂತ. ಮನೆಯವರು ಎಡವುವುದು ಇಲ್ಲೇ. ಹತ್ತಾರು ವರ್ಷ ಹೋರಾಡಿದ ಕೇಸು, ಮನೆಯಲ್ಲಿ ಸೂತಕ, ಕೈಗೆ ಬಂದ ಕಾಗದದಲ್ಲಿ ವಜಾ ಅಂತ ಇದ್ದರೆ ಯಾರಿಗಾದರೂ ಮುಗೀತು ಅಂತಲೇ ಅನ್ನಿಸುತ್ತದೆ. ಕಾಗದವನ್ನು ಮಡಿಸಿ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಆದರೆ ಈ ವಜಾ ಕೇಸಿನಲ್ಲಿ ಹುರುಳಿಲ್ಲ ಅನ್ನೋ ತೀರ್ಪಲ್ಲ. ನಿಲ್ಲೋಕೆ ಜನ ಇಲ್ಲ ಅನ್ನೋದರ ದಾಖಲೆ ಅಷ್ಟೇ. ಅದೇ ಕಾಗದದಲ್ಲಿ ಮುಂದೆ ಓದಿದರೆ, ಅರ್ಹರು ಸಾವಿನ ದಿನದಿಂದ ಒಂದು ವರ್ಷದೊಳಗೆ ಬದಲಿಯಾಗಿ ನಿಲ್ಲಲು ಕೇಳಬಹುದು ಅಂತಲೂ ಇರುತ್ತದೆ.

ಕೇಳಬೇಕಾದ್ದು ಮಂಡಳಿಯನ್ನಲ್ಲ, ಮೊದಲು ಕ್ಲೇಮು ತೀರ್ಮಾನಿಸಿದ ವಿಎ ಕಚೇರಿಯನ್ನು. ಅದಕ್ಕೆ 21ಪಿ-0847 ಅನ್ನೋ ಫಾರಂ ಇದೆ. ಇನ್ನೊಂದು ದಾರಿಯೂ ಇದೆ. ಹೆಂಡತಿ ತನ್ನ ಪಾಲಿನ ಸೌಲಭ್ಯಕ್ಕೆ 21ಪಿ-534ಇಝಡ್ ಅನ್ನೋ ಫಾರಂ ತುಂಬಿ ಕಳಿಸಿದರೆ, ಆಗ ಕೇಸು ಬಾಕಿ ಇದ್ದಲ್ಲಿ, ಬದಲಿ ನಿಲ್ಲುವ ಕೋರಿಕೆಯೂ ಅದರಲ್ಲೇ ಸೇರಿದೆ ಅಂತ ವಿಎ ಭಾವಿಸಬೇಕು. ನಿಯಮವೇ ಹಾಗಿದೆ. ಹಾಗಿದ್ದರೂ ಎರಡನ್ನೂ ಕಳಿಸಿಬಿಡಿ ಅಂತಲೇ ನಾನು ಹೇಳೋದು. ಭಾವಿಸಬೇಕು ಅಂತ ನಿಯಮ ಇರೋದು ಬೇರೆ, ಫೈಲು ನೋಡುವ ಗುಮಾಸ್ತರಿಗೆ ಆ ನಿಯಮ ನೆನಪಿರೋದು ಬೇರೆ.

ಕೋರಿಕೆ ಒಪ್ಪಿಗೆ ಆಯಿತು ಅಂದರೆ ಮೇಲ್ಮನವಿಗೆ ಹಳೇ ಸರತಿಯೇ ಸಿಗುತ್ತದೆ. ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಿಲ್ಲ. ಆ ಹಂತದಲ್ಲಿ ಸೈನಿಕರು ಯಾವ ಸಾಕ್ಷ್ಯ ಕೊಡಬಹುದಿತ್ತೋ ಅದನ್ನು ಬದಲಿ ನಿಂತವರೂ ಕೊಡಬಹುದು. ಹಳೇ ಬಾಕಿ ಅರ್ಜಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಗಂಡನಿಗೆ ರಾತ್ರಿ ಉಸಿರು ಕಟ್ಟುತ್ತಿದ್ದುದು, ಮೆಟ್ಟಿಲು ಹತ್ತಲಾಗದೆ ಹಾಸಿಗೆಯನ್ನು ಕೆಳಗಿನ ಕೋಣೆಗೆ ತಂದಿದ್ದು, ಇದನ್ನೆಲ್ಲ ಹೆಂಡತಿ ಬರೆದು ಸಹಿ ಹಾಕಿ ಕೊಟ್ಟರೆ ಅದೂ ಸಾಕ್ಷ್ಯವೇ. ಆದರೆ ಹೊಸ ಕಾಯಿಲೆಯ ಹೆಸರು ಸೇರಿಸುವ ಹಾಗಿಲ್ಲ. ಅವರು ಕಿವಿಗೆ ಕೇಳಿದ್ದರೆ ಕಿವಿಗೆ ಮಾತ್ರ. ಬೆನ್ನಿಗೂ ಕೇಳಬೇಕು ಅಂತ ಅವರು ಯೋಚಿಸಿದ್ದರು ಅಂದರೆ ನಡೆಯುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ವಿಎ ಇಲ್ಲ ಅಂತ ಪತ್ರ ಕಳಿಸಿತು, ಮೇಲ್ಮನವಿ ಹಾಕೋಕೆ ಇನ್ನೂ ಸಮಯ ಇತ್ತು, ಅಷ್ಟರಲ್ಲಿ ಸೈನಿಕರು ತೀರಿಕೊಂಡರು. ಆಗಲೂ ಕ್ಲೇಮು ಬಾಕಿ ಇದೆ ಅಂತಲೇ ಲೆಕ್ಕ. ಬದಲಿ ನಿಂತವರು ಮೇಲ್ಮನವಿ ಹಾಕಬಹುದು. ಆದರೆ ಆ ವಾಯಿದೆ ಸಾವಿಗೆ ಅಂತ ನಿಲ್ಲುವುದಿಲ್ಲ. ಸೈನಿಕರಿಗೆ ಎಷ್ಟು ದಿನ ಉಳಿದಿತ್ತೋ ಇವರಿಗೂ ಅಷ್ಟೇ. ಒಂದು ವರ್ಷದ ವಾಯಿದೆಯ ಹನ್ನೊಂದನೇ ತಿಂಗಳಲ್ಲಿ ಹೋದರೆ ತಿಥಿ ಮುಗಿಸಿ ನೋಡೋಣ ಅನ್ನುವಷ್ಟು ಪುರುಸೊತ್ತು ಇಲ್ಲ.

ಇನ್ನು ಯಾರು ನಿಲ್ಲಬಹುದು? ನನಗೆ ಈ ಕಾನೂನಿನಲ್ಲಿ ಜಾಸ್ತಿ ಚುಚ್ಚುವುದು ಈ ಭಾಗ.

ಮೊದಲು ಗಂಡ ಅಥವಾ ಹೆಂಡತಿ. ಅವರಿಲ್ಲದಿದ್ದರೆ ಮಕ್ಕಳು, ಸಮಪಾಲು. ಮಕ್ಕಳೂ ಇಲ್ಲದಿದ್ದರೆ ಸೈನಿಕರನ್ನೇ ನಂಬಿಕೊಂಡಿದ್ದ ತಂದೆ ತಾಯಿ. ಇಲ್ಲಿಯವರೆಗೆ ಸರಿಯಾಗೇ ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ಮಕ್ಕಳು ಅಂದರೆ ಯಾರು ಅಂತ ಕೇಳಿ ನೋಡಿ. ಮದುವೆಯಾಗದ, 18 ವರ್ಷದ ಒಳಗಿನವರು. ಓದುತ್ತಿದ್ದರೆ 23ರವರೆಗೆ. ಇಲ್ಲವೇ 18 ತುಂಬುವ ಮೊದಲೇ ಶಾಶ್ವತವಾಗಿ ಅಸಹಾಯಕರಾದವರು. ಬೇರೆ ಯಾರೂ ಈ ಲೆಕ್ಕದಲ್ಲಿ ಮಕ್ಕಳಲ್ಲ.

ವಿಯೆಟ್ನಾಂಗೆ ಹೋದವರ ವಯಸ್ಸು ಲೆಕ್ಕ ಹಾಕಿ. 1968ರಲ್ಲಿ 20 ವರ್ಷದ ಹುಡುಗನಾಗಿದ್ದವರು ಈಗ ಎಂಬತ್ತರ ಹತ್ತಿರ ಇದ್ದಾರೆ. ಅವರ ಮಕ್ಕಳಿಗೆ ನಲವತ್ತು, ಐವತ್ತು. ಹೆಂಡತಿ ಮೊದಲೇ ಹೋಗಿದ್ದಾರೆ, ಮಗಳು ಕೆಲಸ ಬಿಟ್ಟು ಬಂದು ಅಪ್ಪನನ್ನು ನೋಡಿಕೊಂಡಿದ್ದಾಳೆ, ಸ್ನಾನ ಮಾಡಿಸಿದ್ದಾಳೆ, ವಿಎಗೆ ಪತ್ರ ಬರೆದಿದ್ದೂ ಅವಳೇ. ಇಂಥ ಮನೆಗಳಿಗೇನು ಬರವಿಲ್ಲ. ಅಪ್ಪ ತೀರಿಕೊಂಡ ದಿನ ಕಾನೂನಿನ ಕಣ್ಣಿಗೆ ಅವಳು ವಾರಸುದಾರಳಲ್ಲ. ಕೊನೆಯ ಕಾಯಿಲೆಗೆ ಮತ್ತು ಅಂತ್ಯಕ್ರಿಯೆಗೆ ಕೈಯಿಂದ ಖರ್ಚು ಮಾಡಿದ್ದರೆ ಬಾಕಿ ಹಣದಿಂದ ಅಷ್ಟನ್ನು ಮಾತ್ರ ವಾಪಸ್ ಪಡೆಯಬಹುದು. ಬಾಕಿ ಲಕ್ಷ ಡಾಲರ್ ಇರಲಿ, ಅವಳು ತೋರಿಸಿದ ಬಿಲ್ಲು ನಾಲ್ಕು ಸಾವಿರದ್ದಾದರೆ ನಾಲ್ಕೇ ಸಾವಿರ. ಉಳಿದಿದ್ದು ಸರ್ಕಾರದಲ್ಲೇ ಉಳಿಯುತ್ತದೆ. ಅಪ್ಪ ವಿಲ್ ಬರೆದಿಟ್ಟಿದ್ದರೂ ಅಷ್ಟೇ, ವಿಲ್‌ಗೆ ಇಲ್ಲಿ ಬೆಲೆ ಇಲ್ಲ.

ನಾನು ಕೇಳೋದು ಇಷ್ಟೇ: ಈ ಹಣ ಬಾಕಿಯೋ, ದಯೆಯೋ? ಬಾಕಿ ಅಂದರೆ ಸತ್ತವರ ಸ್ವತ್ತು, ವಾರಸುದಾರರಿಗೆ ಹೋಗಬೇಕು. ದಯೆ ಅಂದರೆ ಕೊಡುವವರ ಇಷ್ಟ, ಪಡೆಯುವವನ ಜೊತೆ ಮುಗಿಯುತ್ತದೆ. ಅಮೆರಿಕ ಎರಡೂ ದೋಣಿಯಲ್ಲಿ ಕಾಲಿಟ್ಟಿದೆ. 2009ರಲ್ಲಿ ಕುಶ್ಮನ್ ಅನ್ನೋ ವಿಯೆಟ್ನಾಂ ಸೈನಿಕರ ಕೇಸು ಫೆಡರಲ್ ಸರ್ಕ್ಯೂಟ್ ಮುಂದೆ ಬಂತು. ಅವರ ಫೈಲಿನಲ್ಲಿದ್ದ ವೈದ್ಯಕೀಯ ದಾಖಲೆಯನ್ನು ಯಾರೋ ತಿದ್ದಿದ್ದರು. ಆಗ ನ್ಯಾಯಾಲಯ, ಅಂಗವೈಕಲ್ಯ ಪರಿಹಾರ ಪಡೆಯುವ ಹಕ್ಕು ಸಂವಿಧಾನ ಕಾಪಾಡುವ ಆಸ್ತಿಯೇ, ನ್ಯಾಯವಾದ ವಿಚಾರಣೆ ಇಲ್ಲದೆ ಅದನ್ನು ಕಸಿಯುವ ಹಾಗಿಲ್ಲ ಅಂದಿತು. ಬದುಕಿದ್ದಾಗ ಆಸ್ತಿ. ಸತ್ತ ಮರುಗಳಿಗೆ ಐವತ್ತು ವರ್ಷದ ಮಗಳಿಗೆ ಮಾತ್ರ ಅದು ಆಸ್ತಿಯಲ್ಲ. ಇದಕ್ಕೆ ಸಮಾಧಾನವಾಗುವ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ. ಈ ಹಣ ಇರುವುದು ಸೈನಿಕ ಮತ್ತು ಅವನನ್ನೇ ನಂಬಿದವರ ಹೊಟ್ಟೆಪಾಡಿಗೆ, ಆಸ್ತಿ ಕಟ್ಟೋಕಲ್ಲ ಅಂತ ಒಂದು ವಾದ ಇದೆ. ತಿಂಗಳು ತಿಂಗಳು ಸರಿಯಾಗಿ ಕೊಟ್ಟಿದ್ದರೆ ಒಪ್ಪಬಹುದಿತ್ತು. ಹತ್ತು ವರ್ಷ ಕೊಡದೆ ಹಿಡಿದಿಟ್ಟವರು ಈ ವಾದ ಮಾಡಿದರೆ ಹೇಗೆ?

ಅಲ್ಲಿಯೇ ಬೇರೆ ರೀತಿಯೂ ಸಾಧ್ಯ ಅನ್ನೋದಕ್ಕೆ ಉದಾಹರಣೆ ಇದೆ. ವಿಯೆಟ್ನಾಂ ಕಾಡುಗಳ ಎಲೆ ಉದುರಿಸೋಕೆ ವಿಮಾನದಿಂದ ಸುರಿದ ಏಜೆಂಟ್ ಆರೆಂಜ್ ಅನ್ನೋ ರಾಸಾಯನಿಕದ ಬಗ್ಗೆ ಕೇಳಿರುತ್ತೀರಿ. ಅದರಿಂದ ಕಾಯಿಲೆ ಬಂತು ಅಂದ ಸೈನಿಕರ ಕ್ಲೇಮುಗಳನ್ನು ವಿಎ ಸಾಲುಸಾಲಾಗಿ ತಳ್ಳಿಹಾಕಿತ್ತು. 1986ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ನೆಹ್ಮರ್ ಹೆಸರಿನ ಸಾಮೂಹಿಕ ದಾವೆ ಬಿತ್ತು. 1989ರಲ್ಲಿ ಕೋರ್ಟು ವಿಎಯ ನಿಯಮವನ್ನೇ ರದ್ದು ಮಾಡಿತು. 1991ರಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. ಆ ಒಪ್ಪಂದದ ಗುಂಪಿಗೆ ಸೇರಿದ ಸೈನಿಕ ಹಣ ಬರುವ ಮೊದಲೇ ಸತ್ತಿದ್ದರೆ, ಬಾಕಿ ಹಣ ಮೊದಲು ಹೆಂಡತಿಗೆ, ಅವಳು ಮತ್ತೆ ಮದುವೆಯಾಗಿದ್ದರೂ ಸರಿ. ಇಲ್ಲದಿದ್ದರೆ ಮಕ್ಕಳಿಗೆ, ವಯಸ್ಸು ಎಷ್ಟಾದರೂ ಇರಲಿ, ಮದುವೆ ಆಗಿರಲಿ ಬಿಡಲಿ. ಆಮೇಲೆ ತಂದೆ ತಾಯಿಗೆ. ಯಾರೂ ಇಲ್ಲದಿದ್ದರೆ ಸತ್ತವರ ಎಸ್ಟೇಟಿಗೆ, ಅಂದರೆ ಅವರು ಬಿಟ್ಟುಹೋದ ಆಸ್ತಿಗೆ. ಕೊನೆಗೂ ಸರ್ಕಾರದ ಖಜಾನೆಯಲ್ಲಿ ಉಳಿಯುವ ಮಾತೇ ಇಲ್ಲ. 2010ರಲ್ಲಿ ಪಾರ್ಕಿನ್ಸನ್ಸ್, ಹೃದಯದ ರಕ್ತನಾಳದ ಕಾಯಿಲೆ ಇವೆಲ್ಲ ಏಜೆಂಟ್ ಆರೆಂಜ್ ಪಟ್ಟಿಗೆ ಸೇರಿದಾಗ ಎಷ್ಟೋ ಹಳೇ ಫೈಲುಗಳನ್ನು ಮತ್ತೆ ತೆಗೆದು ನೋಡಬೇಕಾಯಿತು. ಅಂದರೆ ಐವತ್ತು ವರ್ಷದ ಮಗಳಿಗೆ ಕೊಡೋಕೆ ಆಡಳಿತಕ್ಕೆ ಏನೂ ಅಡ್ಡಿ ಇಲ್ಲ. ಕೋರ್ಟು ಕಿವಿ ಹಿಂಡಿದ ಕಡೆ ಕೊಟ್ಟಿದ್ದಾರೆ, ಬೇರೆ ಕಡೆ ಇಲ್ಲ.

ಹೆಂಡತಿಗೆ ಸ್ವಂತವಾಗಿ ಸಿಗುವ ಇನ್ನೊಂದು ಸೌಲಭ್ಯ ಇದೆ, ಡಿಐಸಿ ಅಂತ. ಗಂಡ ಸೇವೆಗೆ ಸಂಬಂಧಿಸಿದ ಕಾಯಿಲೆಯಿಂದಲೇ ಸತ್ತರೆ, ಅಥವಾ ಸಾಯುವ ಹಿಂದಿನ ಹತ್ತು ವರ್ಷ ಪೂರ್ತಿ ಅಂಗವಿಕಲರು ಅಂತ ಸತತವಾಗಿ ದರ್ಜೆ ಪಡೆದಿದ್ದರೆ, ತಿಂಗಳು ತಿಂಗಳು ಬರುವ ಹಣ. 2025ರ ದರ 1,653 ಡಾಲರ್ ಚಿಲ್ಲರೆ. ಇದು ಗಂಡನ ಕೇಸಿನ ಮುಂದುವರಿಕೆಯಲ್ಲ, ಅವಳದೇ ಹಕ್ಕು. ಆದರೆ ಎರಡಕ್ಕೂ ನಂಟಿದೆ. ಹೃದಯದ ಕಾಯಿಲೆ ಸೇವೆಯಿಂದ ಬಂದಿದ್ದು ಅಂತ ಗಂಡನ ಮೇಲ್ಮನವಿಯಲ್ಲಿ ಗೆದ್ದರೆ, ಹೃದಯದಿಂದ ಸತ್ತ ಗಂಡನ ಡಿಐಸಿಗೆ ಅರ್ಧ ದಾರಿ ಸವೆದ ಹಾಗೆ.

ಇಲ್ಲಿ ಮರಣ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಅಲ್ಲಿನ ಪ್ರಮಾಣಪತ್ರದಲ್ಲಿ ಸಾವಿನ ಕಾರಣಕ್ಕೆ ಎರಡು ಭಾಗ ಇರುತ್ತದೆ. ಮೊದಲನೆಯದರಲ್ಲಿ ನೇರ ಕಾರಣ ಮತ್ತು ಅದಕ್ಕೆ ಮೂಲವಾದ ಕಾಯಿಲೆ. ಎರಡನೆಯದರಲ್ಲಿ ಸಾವಿಗೆ ಕೈ ಜೋಡಿಸಿದ ಬೇರೆ ಕಾಯಿಲೆಗಳು. ರಾತ್ರಿ ಪಾಳಿಯ ಡಾಕ್ಟರು ಅವಸರದಲ್ಲಿ "ಹೃದಯ ಸ್ತಂಭನ" ಅಂತ ಒಂದೇ ಸಾಲು ಬರೆದು ಕೈ ತೊಳೆದುಕೊಂಡರೆ ವಿಧವೆಗೆ ವರ್ಷಗಟ್ಟಲೆ ಕಷ್ಟ. ಸಾಯುವಾಗ ಎಲ್ಲರ ಹೃದಯವೂ ನಿಲ್ಲುತ್ತದಲ್ಲ! 20 ವರ್ಷದಿಂದ ನೋಡುತ್ತಿದ್ದ ಡಾಕ್ಟರಿಂದ ಮಧುಮೇಹವೋ ಶ್ವಾಸಕೋಶದ ಕಾಯಿಲೆಯೋ ಅಂತ ಸರಿಯಾಗಿ ಬರೆಸಿಕೊಂಡರೆ, ಅಥವಾ ಆಮೇಲಾದರೂ ಒಂದು ಅಭಿಪ್ರಾಯ ಪತ್ರ ತೆಗೆದುಕೊಂಡರೆ, ಕೇಸಿನ ಬಣ್ಣವೇ ಬೇರೆ.

ಬ್ಯಾಂಕಿನ ವಿಷಯದಲ್ಲೂ ಎಚ್ಚರ ಬೇಕು. ಸತ್ತ ತಿಂಗಳಿನ ಪರಿಹಾರ ಸೈನಿಕರಿಗೆ ಇಲ್ಲ. ಖಾತೆಗೆ ಬಿದ್ದಿದ್ದರೂ ವಾಪಸ್ ಎಳೆದುಕೊಳ್ಳುತ್ತಾರೆ. ಆ ತಿಂಗಳಿಗೆ ಅಷ್ಟೇ ಮೊತ್ತ ಹೆಂಡತಿಗೆ ಅವಳ ಹಕ್ಕಿನಲ್ಲಿ ಬರುತ್ತದೆ. ನಡುವೆ ಆ ಹಣ ಖರ್ಚಾಗಿದ್ದರೆ ಪೇಚಾಟ.

ನಮ್ಮಲ್ಲಿ ಹೇಗೆ? ಭಾರತದಲ್ಲಿ ಪಿಂಚಣಿ ದಯೆಯಲ್ಲ, ದುಡಿದು ಗಳಿಸಿದ ಹಕ್ಕು ಅಂತ ಸುಪ್ರೀಂ ಕೋರ್ಟು 1971ರ ದೇವಕಿನಂದನ್ ಪ್ರಸಾದ್ ಕೇಸಿನಲ್ಲೇ ಹೇಳಿತು. ನಕಾರಾ ಕೇಸಿನಲ್ಲಿ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿತು. 1983ರಲ್ಲಿ ಪಿಂಚಣಿ ಬಾಕಿಗೆ ನಾಮಿನಿ ಹೆಸರಿಸುವ ನಿಯಮವೇ ಬಂತು. ಪಿಂಚಣಿದಾರ ಬದುಕಿದ್ದ ದಿನದವರೆಗಿನ ಬಾಕಿ ನಾಮಿನಿಗೆ, ನಾಮಿನಿ ಇಲ್ಲದಿದ್ದರೆ ಕಾನೂನುಬದ್ಧ ವಾರಸುದಾರರಿಗೆ. ಐವತ್ತು ವರ್ಷದ ಮಗಳೂ ವಾರಸುದಾರಳೇ. ಅಷ್ಟರ ಮಟ್ಟಿಗೆ ನಮ್ಮ ಕಾನೂನು ನೇರವಾಗಿದೆ. ಸಿವಿಲ್ ಕೇಸು ನಡೆಯುವಾಗ ಕಕ್ಷಿದಾರ ಸತ್ತರೆ ವಾರಸುದಾರರು 90 ದಿನದಲ್ಲಿ ದಾಖಲೆಗೆ ಬರಬೇಕು, ಇಲ್ಲದಿದ್ದರೆ ಕೇಸು ಅಷ್ಟಕ್ಕೇ ನಿಂತುಹೋಗುತ್ತದೆ. ನಿಂತಿದ್ದನ್ನು ಎಬ್ಬಿಸೋಕೆ ಇನ್ನೊಂದು 60 ದಿನ. ಅಮೆರಿಕದ ಒಂದು ವರ್ಷಕ್ಕೆ ಹೋಲಿಸಿದರೆ ನಮ್ಮದು ಬಿಗಿ. ಆದರೆ ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ನಮ್ಮ ಕೋರ್ಟುಗಳು ಮನ್ನಿಸುತ್ತವೆ. ಹಾಗಂತ ನಾವು ಬೀಗುವ ಹಾಗೂ ಇಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಅಂಗವೈಕಲ್ಯ ಪಿಂಚಣಿ ಗೆದ್ದ ಸೈನಿಕರ ಮೇಲೆ ಸರ್ಕಾರವೇ ಸುಪ್ರೀಂ ಕೋರ್ಟಿನವರೆಗೆ ಹೋದ ಕೇಸುಗಳು ಎಷ್ಟಿವೆ! 2013ರ ಧರ್ಮವೀರ್ ಸಿಂಗ್ ತೀರ್ಪು, ಸೇರುವಾಗ ದಾಖಲೆಯಲ್ಲಿ ಕಾಯಿಲೆ ಇರಲಿಲ್ಲ ಅಂದರೆ ಅದು ಸೇವೆಯಿಂದಲೇ ಬಂತು ಅಂತ ಭಾವಿಸಬೇಕು ಅಂದಿತು. ಅದಾದ ಮೇಲೂ ಜಗಳ ನಿಂತಿಲ್ಲ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಸಾರ್, ಮಗ ಅಲ್ಲಿ ಸೇನೆಯಲ್ಲಿದ್ದ, ಮದುವೆ ಆಗಿರಲಿಲ್ಲ, ಅಪ್ಪ ಅಮ್ಮ ಇಲ್ಲಿ ಮೈಸೂರಿನಲ್ಲಿ. ಅವರಿಗೇನಾದರೂ ಸಿಗುತ್ತದಾ?" ಸಿಗಬಹುದು. ಫಲಾನುಭವಿ ಬೇರೆ ದೇಶದಲ್ಲಿದ್ದಾರೆ ಅಂತ ವಿಎ ಹಣ ನಿಲ್ಲಿಸುವುದಿಲ್ಲ. ಮಗನಿಗೆ ಹೆಂಡತಿ ಮಕ್ಕಳಿಲ್ಲ ಅಂದರೆ ಸರತಿಯಲ್ಲಿ ಇವರೇ ಮುಂದೆ. ಆದರೆ ಮಗ ಸತ್ತ ದಿನ ಅವನ ಹಣವನ್ನೇ ನಂಬಿದ್ದೆವು, ನಮ್ಮ ಆದಾಯ ಸಾಲುತ್ತಿರಲಿಲ್ಲ ಅಂತ ತೋರಿಸಬೇಕು. ಮಗ ತಿಂಗಳು ತಿಂಗಳು ಕಳಿಸಿದ ಹಣ ಬಿದ್ದಿರುವ ಪಾಸ್‌ಬುಕ್, ಮನೆ ಬಾಡಿಗೆ, ಔಷಧಿ ಬಿಲ್ಲು, ಇವೆಲ್ಲ ಎತ್ತಿಟ್ಟುಕೊಳ್ಳಿ ಅಂದೆ. ಚೆನ್ನಾಗಿ ಪಿಂಚಣಿ ಬರುತ್ತಿರುವ ತಂದೆಗೆ ಇದು ಕಷ್ಟ. ಅರ್ಜಿಗೆ ಅಮೆರಿಕದ ಮಾಜಿ ಸೈನಿಕರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಪುಕ್ಕಟೆ ಸಹಾಯ ಮಾಡುತ್ತಾರೆ. ಅಮೆರಿಕನ್ ಲೀಜನ್, ಡಿಎವಿ, ವಿಎಫ್‌ಡಬ್ಲ್ಯೂ, ಯಾವುದಾದರೂ ಸರಿ. ದುಡ್ಡು ಕೇಳಿಕೊಂಡು ತಾವೇ ಫೋನ್ ಮಾಡುವವರ ಸಹವಾಸ ಬೇಡ. "ಎಷ್ಟು ದಿನ ಟೈಮ್ ಇದೆ?" ಅಂತ ಅವರು ಮತ್ತೆ ಕೇಳಿದರು. ಅವರಿಗೂ ಅದೇ ಒಂದು ವರ್ಷ, ಮಗ ಹೋದ ದಿನದಿಂದ.